ಬ್ರೇಕ್ ಹಿಡಿದ್ರೆ ‘ಕೀಂಚ್’ ಅಂತಿದ್ಯಾ? ಎಣ್ಣೆ ಬಿಡೋ ಮೊದಲು ಇದನ್ನು ಓದಿ

ಮೈಸೂರು: ಕುವೆಂಪುನಗರದ ಪಂಚಮಂತ್ರ ರಸ್ತೆಯಲ್ಲೋ ಉದಯರವಿ ರಸ್ತೆಯಲ್ಲೋ ಸಂಜೆ ಹೊತ್ತು ಐದು ನಿಮಿಷ ನಿಂತರೆ ಸಾಕು. ಎದುರಿಗೆ ಯಾರೋ ಅಡ್ಡ ಬಂದರು, ಬ್ರೇಕ್ ಬಿತ್ತು, ‘ಕೀಂಚ್’ ಅಂತ ಒಂದು ಸದ್ದು. ಸ್ಕೂಟರ್, ಆಟೊ, ಕಾರು, ಗೂಡ್ಸ್ ಗಾಡಿ ಯಾವುದೂ ಇದಕ್ಕೆ ಹೊರತಲ್ಲ.

ಈ ಸದ್ದು ಶುರುವಾದಾಗ ಜನ ಸಾಮಾನ್ಯವಾಗಿ ಮೂರರಲ್ಲಿ ಒಂದು ಕೆಲಸ ಮಾಡುತ್ತಾರೆ. ಒಂದು, ‘ಹಳೇ ಗಾಡಿ, ಹಂಗೇ ಬಿಡಿ’ ಅಂತ ಸುಮ್ಮನಾಗುವುದು. ಎರಡು, ಗ್ಯಾರೇಜಿಗೆ ಹೋಗಿ ‘ಸೌಂಡ್ ಬರ್ತಿದೆ, ನೋಡಿ’ ಅಂತ ಕೀ ಕೊಟ್ಟು ಬರುವುದು. ಮೂರು, ಮನೆಯಲ್ಲಿರೋ ಎಣ್ಣೆ ತಂದು ಚಕ್ರದ ಸಂದಿಗೆ ಎರಡು ತೊಟ್ಟು ಬಿಡುವುದು. ಮೊದಲನೆಯದರಲ್ಲಿ ಅಪಾಯ ಇರಬಹುದು. ಎರಡನೆಯದರಲ್ಲಿ ದುಡ್ಡು ದಂಡವಾಗಬಹುದು. ಮೂರನೆಯದಂತೂ ಜೀವಕ್ಕೇ ಸಂಚಕಾರ.

ಚಕ್ರದಿಂದ ಬರುವ ಎಲ್ಲ ಸದ್ದೂ ಕೆಟ್ಟದ್ದಲ್ಲ. ಕೆಲವಕ್ಕೆ ಒಂದು ರೂಪಾಯಿ ಖರ್ಚೂ ಬೇಡ. ಕೆಲವು ಮಾತ್ರ ‘ಇವತ್ತೇ ಗಾಡಿ ನಿಲ್ಲಿಸು’ ಅಂತ ಹೇಳುತ್ತಿರುತ್ತವೆ. ಯಾವುದು ಯಾವುದು ಅಂತ ತಿಳಿಯಲು ಮೆಕ್ಯಾನಿಕ್ ಆಗಬೇಕಿಲ್ಲ. ಸದ್ದು ಎಷ್ಟು ಜೋರಾಗಿದೆ ಅನ್ನುವುದಕ್ಕಿಂತ ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಅನ್ನುವುದನ್ನು ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ. ಆ ಮಾಹಿತಿ ಇಲ್ಲಿದೆ.

ಬ್ರೇಕ್‌ಗೆ ಎಣ್ಣೆ ಯಾಕೆ ಬೇಡ?

ಕಿರುಗುಟ್ಟಿದರೆ ಎಣ್ಣೆ ಬಿಡುವ ಅಭ್ಯಾಸ ನಮಗೆ ಎತ್ತಿನಗಾಡಿ ಕಾಲದ್ದು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ, ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದರು. ಅಲ್ಲಿ ಅದು ಸರಿ. ಅಚ್ಚಿನ ಕೆಲಸ ಸಲೀಸಾಗಿ ತಿರುಗುವುದು. ಬ್ರೇಕ್‌ನ ಕೆಲಸ ಅದಕ್ಕೆ ಪೂರ್ತಿ ಉಲ್ಟಾ. ಅದು ಉಜ್ಜಿ, ಹಿಡಿದು, ಚಕ್ರ ನಿಲ್ಲಿಸಬೇಕು.

ಬ್ರೇಕ್ ಕಿರುಚುವುದು ಹೇಗೆ ಅಂತ ತಿಳಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಬ್ರೇಕ್ ಪ್ಯಾಡು ಡಿಸ್ಕನ್ನು ಒತ್ತಿದಾಗ ಒಂದು ಕ್ಷಣ ಕಚ್ಚುತ್ತದೆ, ಮರುಕ್ಷಣ ಜಾರುತ್ತದೆ, ಮತ್ತೆ ಕಚ್ಚುತ್ತದೆ. ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ಹೀಗಾದರೆ ಲೋಹ ನಡುಗಿ ಸದ್ದು ಹೊರಡುತ್ತದೆ. ಪಿಟೀಲಿನಲ್ಲಿ ನಡೆಯುವುದೂ ಇದೇ. ಕಮಾನು ತಂತಿಯನ್ನು ಕಚ್ಚಿ, ಜಾರಿ, ಕಚ್ಚಿ ನಾದ ಬರುತ್ತದೆ. ಕಮಾನಿಗೆ ರಾಳ ಉಜ್ಜುವುದು ಅದು ಚೆನ್ನಾಗಿ ಕಚ್ಚಲಿ ಅಂತಲೇ. ಏಳು ತಂತಿಯ ಪಿಟೀಲಿಗೆ ಹೆಸರಾದ ಟಿ. ಚೌಡಯ್ಯನವರ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಕಮಾನಿಗೆ ಎಣ್ಣೆ ಸವರಿದರೆ ಏನಾಗುತ್ತೆ? ಸದ್ದು ನಿಲ್ಲುತ್ತದೆ, ಪಿಟೀಲೂ ನುಡಿಯುವುದಿಲ್ಲ. ಬ್ರೇಕಿನದೂ ಅದೇ ಕಥೆ. ಎಣ್ಣೆ ಬಿದ್ದರೆ ಕಿರುಚುವುದು ನಿಲ್ಲುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ.

ಕೊಬ್ಬರಿ ಎಣ್ಣೆ, ಎಂಜಿನ್ ಆಯಿಲ್, ಗ್ರೀಸ್, ತುಕ್ಕು ಬಿಡಿಸುವ ಸ್ಪ್ರೇ, ಯಾವುದೂ ಪ್ಯಾಡಿಗಾಗಲಿ, ಡಿಸ್ಕಿಗಾಗಲಿ, ಡ್ರಮ್ ಒಳಗಾಗಲಿ ತಾಗಬಾರದು. ಪ್ಯಾಡು, ಶೂಗಳು ಎಣ್ಣೆ ಹೀರಿಕೊಂಡರೆ ತೊಳೆದರೂ ಪೂರ್ತಿ ಹೋಗುವುದಿಲ್ಲ, ಬದಲಿಸಲೇಬೇಕು. ಗಂಟೆಗೆ 40 ಕಿ.ಮೀ. ವೇಗದಲ್ಲಿರುವ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಮುಂದೆ ಹೋಗಿರುತ್ತದೆ. ಶಾಲೆ ಬಿಡುವ ಹೊತ್ತಿಗೆ ಆ 11 ಮೀಟರ್‌ನಲ್ಲಿ ಯಾರಾದರೂ ಇರಬಹುದು.

ಮೊದಲು ಈ ಐದು ಪ್ರಶ್ನೆ ಕೇಳಿಕೊಳ್ಳಿ

ಬಿಚ್ಚುವ ಮೊದಲು, ಖರ್ಚು ಮಾಡುವ ಮೊದಲು ಒಂದು ದಿನ ಗಾಡಿ ಓಡಿಸುತ್ತಾ ಇವಕ್ಕೆ ಉತ್ತರ ಹುಡುಕಿ.

1. ಸದ್ದು ಬ್ರೇಕ್ ಹಿಡಿದಾಗ ಮಾತ್ರ ಬರುತ್ತಾ, ಹಿಡಿಯದಿದ್ದರೂ ಬರುತ್ತಾ?
2. ಬ್ರೇಕ್ ಮೆಲ್ಲಗೆ ಒತ್ತಿದರೆ ಸದ್ದು ನಿಲ್ಲುತ್ತಾ?
3. ಬೆಳಗ್ಗೆ ಮಾತ್ರವಾ, ಇಡೀ ದಿನವಾ? ಗಾಡಿ ಬಿಸಿಯಾದ ಮೇಲೆ ಹೆಚ್ಚಾಗುತ್ತಾ?
4. ಗಾಡಿ ವೇಗ ಹೆಚ್ಚಿದಂತೆ ಸದ್ದೂ ಬೇಗ ಬೇಗ ಬರುತ್ತಾ?
5. ತಿರುವಿನಲ್ಲಿ, ಉಬ್ಬಿನ ಮೇಲೆ ಮಾತ್ರ ಕೇಳಿಸುತ್ತಾ?

ಸದ್ದು ಚಕ್ರದ್ದೋ ಎಂಜಿನ್ನಿನದೋ ಅನ್ನುವ ಅನುಮಾನ ಇದ್ದರೆ ಖಾಲಿ ಜಾಗದಲ್ಲಿ ಎಂಜಿನ್ ಆಫ್ ಮಾಡಿ ಗಾಡಿ ತಳ್ಳಿ ನೋಡಿ. ಆಗಲೂ ಸದ್ದು ಬಂದರೆ ಚಕ್ರದ ಕಡೆಯದ್ದೇ. ದ್ವಿಚಕ್ರವಾದರೆ ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲೇ ತಿರುಗಿಸಬಹುದು. ಮುಂದಿನ ಚಕ್ರಕ್ಕೆ ಇನ್ನೊಬ್ಬರು ಹಿಂದಿನಿಂದ ಸೀಟು ಅದುಮಿ ಹಿಡಿದರೆ ಸಾಕು.

ಸ್ಕೂಟರ್‌ನವರು ಒಂದು ವಿಷಯ ನೆನಪಿಡಬೇಕು. 2019ರ ಏಪ್ರಿಲ್ 1ರಿಂದ ಮಾರಾಟವಾಗುವ ಹೊಸ ಗಾಡಿಗಳಲ್ಲಿ 125 ಸಿಸಿವರೆಗಿನವಕ್ಕೆ ಕಂಬೈನ್ಡ್ ಬ್ರೇಕ್ ಅಥವಾ ಎಬಿಎಸ್, ಅದಕ್ಕೂ ದೊಡ್ಡ ಗಾಡಿಗೆ ಎಬಿಎಸ್ ಕಡ್ಡಾಯವಾಗಿದೆ. ಕಂಬೈನ್ಡ್ ಬ್ರೇಕ್ ಇದ್ದರೆ ಎಡಗೈ ಲಿವರ್ ಹಿಡಿದಾಗ ಹಿಂದಿನದರ ಜೊತೆ ಮುಂದಿನ ಬ್ರೇಕೂ ಸ್ವಲ್ಪ ಕಚ್ಚುತ್ತದೆ. ಹಾಗಾಗಿ ‘ಹಿಂದಿನ ಬ್ರೇಕ್ ಹಿಡಿದರೆ ಸದ್ದು’ ಅಂತ ಹಿಂದಿನ ಚಕ್ರವನ್ನೇ ಬಿಚ್ಚಿಸಬೇಡಿ. ಮುಂದಿನದ್ದೂ ಇರಬಹುದು.

ಬೆಳಗ್ಗೆ ಮಾತ್ರ ಕಿರ್ರ್ ಅಂದರೆ

ರಾತ್ರಿ ಮಳೆ ಬಿದ್ದಿದೆ, ಅಥವಾ ಡಿಸೆಂಬರ್ ಇಬ್ಬನಿ. ಬೆಳಗ್ಗೆ ಕಾರು ತೆಗೆದರೆ ಮೊದಲ ಎರಡು ಮೂರು ಬ್ರೇಕಿಗೆ ಕಿರ್ರ್ ಅನ್ನುತ್ತದೆ, ಆಮೇಲೆ ಸದ್ದೇ ಇಲ್ಲ. ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕಾರಿನ ಡಿಸ್ಕ್ ಎರಕದ ಕಬ್ಬಿಣದ್ದು. ಒಂದು ರಾತ್ರಿಯ ತೇವಕ್ಕೇ ಮೇಲೆ ತೆಳ್ಳಗೆ ಕಂದು ತುಕ್ಕು ಹಿಡಿಯುತ್ತದೆ. ಪ್ಯಾಡು ಅದನ್ನು ಉಜ್ಜಿ ತೆಗೆದ ಕೂಡಲೇ ಸರಿಹೋಗುತ್ತದೆ. ಬೈಕ್, ಸ್ಕೂಟರ್ ಡಿಸ್ಕ್‌ಗಳು ಹೆಚ್ಚಾಗಿ ಸ್ಟೇನ್‌ಲೆಸ್ ಸ್ಟೀಲಿನವು. ಅವಕ್ಕೆ ತುಕ್ಕು ಕಡಿಮೆ, ಆದರೆ ಪ್ಯಾಡ್ ಒದ್ದೆಯಾದರೆ ಅವೂ ಕಿರುಚುತ್ತವೆ.

ವಾಟರ್ ಸರ್ವಿಸ್ ಮಾಡಿಸಿದ ದಿನವೂ ಹೀಗಾಗುತ್ತದೆ. ಡ್ರಮ್ ಬ್ರೇಕ್ ಒಳಗೆ ನೀರು ಹೋಗಿದ್ದರೆ ಸದ್ದಿನ ಜೊತೆ ಹಿಡಿತವೂ ಕಡಿಮೆ ಇರುತ್ತದೆ. ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಹೋಗುತ್ತಾ ನಾಲ್ಕೈದು ಸಲ ಮೆಲ್ಲಗೆ ಬ್ರೇಕ್ ಹಿಡಿದು ಒಣಗಿಸಿಕೊಳ್ಳಿ. ಟೈರಿಗೆ ಹೊಡೆಯುವ ಪಾಲಿಶ್ ಸ್ಪ್ರೇ ಡಿಸ್ಕ್ ಮೇಲೆ ಬೀಳದಂತೆ ನೋಡಿಕೊಳ್ಳಬೇಕು. ಟೈರು ಫಳಫಳ ಅನ್ನುತ್ತೆ, ಬ್ರೇಕ್ ಜಾರುತ್ತೆ.

ಆಯುಧಪೂಜೆ ಮರುದಿನದ ಸದ್ದಿಗೂ ಇಂಥದ್ದೇ ಕಾರಣ ಇರಬಹುದು. ತೊಳೆದ ನೀರು, ಪಾಲಿಶ್ ಒಂದು ಕಡೆಯಾದರೆ, ಗಾಡಿಗೆ ಕಟ್ಟಿದ ಹೂವಿನ ಹಾರದ ದಾರ ಬಿಚ್ಚಿಕೊಂಡು ಚಕ್ರದ ಆಕ್ಸಲ್‌ಗೆ ಸುತ್ತಿಕೊಳ್ಳುವುದು ಇನ್ನೊಂದು. ದಾರ, ಪ್ಲಾಸ್ಟಿಕ್ ಕವರ್, ಗೋಣಿಚೀಲದ ನಾರು ಸುತ್ತಿಕೊಂಡರೆ ಚಕ್ರ ತಿರುಗುವಾಗ ಕಿರಿಕಿರಿ ಸದ್ದು ಬರುತ್ತದೆ, ನಿಧಾನಕ್ಕೆ ಬೇರಿಂಗಿನ ಸೀಲೂ ಹಾಳಾಗುತ್ತದೆ. ಬಗ್ಗಿ ನೋಡಿ, ಕತ್ತರಿಸಿ ತೆಗೆದರೆ ಮುಗೀತು.

ಬ್ರೇಕ್ ಹಿಡಿದಾಗಲೆಲ್ಲ ಕೀಂಚ್ ಅಂದರೆ

ಇದಕ್ಕೆ ಮುಖ್ಯವಾಗಿ ಮೂರು ಕಾರಣ.

ಮೊದಲನೆಯದು ದೂಳು. ರಸ್ತೆ ಅಗೆದ ಕಡೆ, ಜಲ್ಲಿ ಹಾಕಿದ ಕಡೆ ಓಡಾಡಿದ ಗಾಡಿಯಲ್ಲಿ ಮಣ್ಣು ಪ್ಯಾಡಿಗೂ ಡಿಸ್ಕಿಗೂ ನಡುವೆ, ಡ್ರಮ್ ಒಳಗೆ ಸೇರಿಕೊಳ್ಳುತ್ತದೆ. ಬಿಚ್ಚಿ ಒರೆಸಿದರೆ ಸಾಕು. ಬ್ರೇಕ್ ಕ್ಲೀನರ್ ಅಂತಲೇ ಸ್ಪ್ರೇ ಸಿಗುತ್ತದೆ. ಡ್ರಮ್ ಒಳಗಿನ ದೂಳನ್ನು ಬಾಯಲ್ಲಿ ಊದುವುದು, ಏರ್ ಹೊಡೆಸುವುದು ಬೇಡ. ಹಳೇ ಕಾಲದ ಬ್ರೇಕ್ ಲೈನಿಂಗ್‌ಗಳಲ್ಲಿ ಕಲ್ನಾರು ಬಳಸುತ್ತಿದ್ದರು, ಅದರ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮೈಸೂರಲ್ಲಿ ಈ ಮಾತಿಗೆ ಇನ್ನೂ ಬೆಲೆ ಇದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದರೂ ಅಲ್ಲಿಂದ ಹೊರಟ ಜಾವಾ, ಯೆಜ್ಡಿ ಗಾಡಿಗಳು ಇನ್ನೂ ರಸ್ತೆಯಲ್ಲಿವೆ. ಎರಡೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರುವ ಹಳೇ ಗಾಡಿ ಬಿಚ್ಚುವವರು ಒದ್ದೆ ಬಟ್ಟೆಯಲ್ಲಿ ಒರೆಸುವುದು ಒಳ್ಳೆಯದು.

ಎರಡನೆಯದು ಪ್ಯಾಡ್ ಅಥವಾ ಶೂ ಮೇಲೆ ಮೆರುಗು ಹಿಡಿಯುವುದು. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವವರಿಗೆ, ಇಳಿಜಾರಲ್ಲಿ ಒಂದೇ ಸಮ ಹಿಡಿದುಕೊಂಡೇ ಬರುವವರಿಗೆ ಇದು ಹೆಚ್ಚು. ಶಾಖಕ್ಕೆ ಲೈನಿಂಗ್ ಮೇಲ್ಮೈ ಗಾಜಿನಂತೆ ನುಣುಪಾಗಿ ಗಟ್ಟಿಯಾಗುತ್ತದೆ. ಸದ್ದು ಜೋರು, ಹಿಡಿತ ಕಡಿಮೆ. ಮೆರುಗು ತೆಳ್ಳಗಿದ್ದರೆ ಮೆಕ್ಯಾನಿಕ್‌ಗಳು ಎಮರಿ ಪೇಪರ್‌ನಲ್ಲಿ ಉಜ್ಜಿ ಸರಿಮಾಡುತ್ತಾರೆ. ಪದೇ ಪದೇ ಬಂದರೆ ಬದಲಿಸುವುದೇ ವಾಸಿ.

ಮೂರನೆಯದು ಪ್ಯಾಡ್ ಸವೆದಿರುವುದು. ಇದೇ ಮುಖ್ಯ. ಹಲವು ಕಾರುಗಳ ಪ್ಯಾಡಿಗೆ ಒಂದು ಸಣ್ಣ ಲೋಹದ ನಾಲಿಗೆ ಕೂರಿಸಿರುತ್ತಾರೆ. ಪ್ಯಾಡ್ ತೆಳ್ಳಗಾದಾಗ ಅದು ಡಿಸ್ಕಿಗೆ ತಾಗಿ ಬೇಕಂತಲೇ ಕಿರುಚುತ್ತದೆ. ‘ನನ್ನನ್ನು ಬದಲಿಸು’ ಅಂತ ಕಂಪನಿಯವರೇ ಇಟ್ಟ ಗಂಟೆ ಅದು. ಬ್ರೇಕ್ ಬಿಟ್ಟಾಗ ಸಣ್ಣಗೆ ಚೀಂ ಅನ್ನುತ್ತಾ, ಹಿಡಿದಾಗ ಸದ್ದು ಬದಲಾದರೆ ಅಥವಾ ನಿಂತರೆ ಈ ನಾಲಿಗೆಯ ಮೇಲೆ ಅನುಮಾನ ಪಡಿ. ಸದ್ದು ನಿಲ್ಲಿಸಲು ಆ ನಾಲಿಗೆಯನ್ನೇ ಬಗ್ಗಿಸಿ ಕೊಡುವ ರಿಪೇರಿಗೆ ಒಪ್ಪಬೇಡಿ.

ಪ್ಯಾಡ್ ಎಷ್ಟು ಉಳಿದಿದೆ ಅಂತ ನೀವೇ ನೋಡಬಹುದು. ಅಲಾಯ್ ಚಕ್ರವಾದರೆ ಸಂದಿಯಿಂದ ಮೊಬೈಲ್ ಟಾರ್ಚ್ ಬಿಟ್ಟರೆ ಕಾಣುತ್ತದೆ. ಕಾರಿನ ಹೊಸ ಪ್ಯಾಡಿನ ಲೈನಿಂಗ್ ಸುಮಾರು 10 ಮಿ.ಮೀ. ದಪ್ಪ ಇರುತ್ತದೆ. 3 ಮಿ.ಮೀ.ಗೆ ಇಳಿದರೆ ಬದಲಿಸುವ ಹೊತ್ತು. ಅಳತೆ ಬೇಕಾದರೆ ನಾಲ್ಕು ಎಟಿಎಂ ಕಾರ್ಡ್ ಒಂದರ ಮೇಲೊಂದು ಇಟ್ಟು ನೋಡಿ, ಅದು ಹೆಚ್ಚುಕಮ್ಮಿ 3 ಮಿ.ಮೀ. ಬೈಕಿನ ಡಿಸ್ಕ್ ಪ್ಯಾಡ್ ಇನ್ನೂ ತೆಳ್ಳಗಿರುತ್ತದೆ. ಅದರ ಮೇಲೆ ಒಂದು ಗೀರು ಕೊರೆದಿರುತ್ತಾರೆ. ಗೀರು ಕಾಣದಷ್ಟು ಸವೆದಿದ್ದರೆ ಪ್ಯಾಡ್ ಮುಗಿದಿದೆ. ಡ್ರಮ್ ಬ್ರೇಕ್ ಇರುವ ಅನೇಕ ದ್ವಿಚಕ್ರಗಳಲ್ಲಿ ಬ್ರೇಕ್ ಆರ್ಮ್ ಹತ್ತಿರ ಒಂದು ಬಾಣದ ಗುರುತು ಇರುತ್ತದೆ. ಪೂರ್ತಿ ಬ್ರೇಕ್ ಹಿಡಿದಾಗ ಬಾಣ ಪಕ್ಕದ ಗುರುತಿಗೆ ಸೇರಿದರೆ ಶೂ ಬದಲಿಸಬೇಕು. ಆಮೇಲೂ ನಟ್ ಟೈಟ್ ಮಾಡುತ್ತಾ ಹೋಗುವುದರಲ್ಲಿ ಅರ್ಥವಿಲ್ಲ.

ಹೊಸ ಪ್ಯಾಡ್ ಹಾಕಿದ ಮೇಲೂ ಕೆಲವು ದಿನ ಸಣ್ಣ ಸದ್ದು ಬರುವುದುಂಟು. ಡಿಸ್ಕಿಗೂ ಪ್ಯಾಡಿಗೂ ಹೊಂದಿಕೆ ಆಗಲು ಇನ್ನೂರು ಮುನ್ನೂರು ಕಿ.ಮೀ. ಓಡಬೇಕು. ಅಲ್ಲಿಯವರೆಗೆ ಜೋರು ಬ್ರೇಕ್ ತಪ್ಪಿಸಿ. ಆಮೇಲೂ ನಿಲ್ಲದಿದ್ದರೆ ಪ್ಯಾಡಿನ ಹಿಂದಿನ ತಗಡು ಹಾಕಿಲ್ಲ, ಕ್ಯಾಲಿಪರ್ ಪಿನ್ ಒಣಗಿದೆ, ಅಥವಾ ಪ್ಯಾಡ್ ಕಳಪೆಯದ್ದು ಅಂತ ಲೆಕ್ಕ. ಬ್ರೇಕಿನಲ್ಲಿ ಗ್ರೀಸ್ ಹಾಕುವ ಜಾಗಗಳು ಇಷ್ಟೇ: ಕ್ಯಾಲಿಪರ್ ಪಿನ್, ಪ್ಯಾಡಿನ ಬೆನ್ನು, ಡ್ರಮ್ಮಿನ ಕ್ಯಾಮ್. ಅದೂ ಶಾಖ ತಡೆಯುವ ಬ್ರೇಕ್ ಗ್ರೀಸನ್ನು ಸವರಿದಷ್ಟೇ ಹಾಕಬೇಕು, ಮೆಕ್ಯಾನಿಕ್ ಕೈಯಲ್ಲೇ ಹಾಕಿಸಬೇಕು.

‘ಕರಕರ’ ಅಂದರೆ ಅಲ್ಲೇ ನಿಲ್ಲಿಸಿ

ಕೀಂಚ್ ಅನ್ನುವುದು ಎಚ್ಚರಿಕೆ. ಕರಕರ, ಗರಗರ ಅನ್ನುವುದು ಎಚ್ಚರಿಕೆಯ ಗಡುವು ಮುಗಿದ ಮೇಲಿನ ಸದ್ದು. ಲೈನಿಂಗ್ ಪೂರ್ತಿ ಹೋಗಿ, ಪ್ಯಾಡಿನ ಕಬ್ಬಿಣದ ತಗಡು ನೇರವಾಗಿ ಡಿಸ್ಕನ್ನು ಕೆರೆಯುತ್ತಿದೆ ಅಂತ ಅರ್ಥ. ಲಿವರ್‌ನಲ್ಲಿ, ಪೆಡಲ್‌ನಲ್ಲಿ ಒರಟು ನಡುಕ ಕೈಕಾಲಿಗೆ ತಿಳಿಯುತ್ತದೆ. ಡಿಸ್ಕ್ ಮೇಲೆ ಉಗುರಿಗೆ ಸಿಗುವಷ್ಟು ಆಳದ ಗೀರು ಬಿದ್ದಿರುತ್ತದೆ.

ಇಲ್ಲಿ ದುಡ್ಡಿನ ಲೆಕ್ಕವೂ ಬದಲಾಗುತ್ತದೆ. ಸ್ಕೂಟರ್ ಪ್ಯಾಡಿನದು ನೂರುಗಳ ಮಾತು. ಡಿಸ್ಕೂ ಹೋದರೆ ಸಾವಿರಗಳ ಮಾತು. ಡಿಸ್ಕಿಗೆ ಇಷ್ಟಕ್ಕಿಂತ ತೆಳ್ಳಗಾಗಬಾರದು ಅಂತ ಒಂದು ಮಿತಿ ಇರುತ್ತದೆ, ಅದನ್ನು ಡಿಸ್ಕ್ ಮೇಲೆಯೇ ಕೆತ್ತಿರುತ್ತಾರೆ. ಆ ಮಿತಿ ದಾಟಿದ್ದರೆ ಲೇತ್‌ಗೆ ಕೊಟ್ಟು ಕೆತ್ತಿಸುವುದೂ ತಪ್ಪು.

ಒಂದೇ ಒಂದು ಸಮಾಧಾನ ಇದೆ. ಜಲ್ಲಿ ರಸ್ತೆಯಲ್ಲಿ ಹೋಗಿ ಬಂದ ತಕ್ಷಣ ಇದ್ದಕ್ಕಿದ್ದಂತೆ ಕರಕರ ಶುರುವಾದರೆ, ಕಾರಿನ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಸಣ್ಣ ಕಲ್ಲು ಸಿಕ್ಕಿರಬಹುದು. ಖಾಲಿ ಜಾಗದಲ್ಲಿ ನಿಧಾನವಾಗಿ ಹಿಂದಕ್ಕೂ ಮುಂದಕ್ಕೂ ಒಂದೆರಡು ಸಲ ಓಡಿಸಿದರೆ ಬಿದ್ದುಹೋಗುವುದುಂಟು. ಬೀಳದಿದ್ದರೆ ಚಕ್ರ ಬಿಚ್ಚಿಸಿ.

ಬ್ರೇಕ್ ಹಿಡಿಯದಿದ್ದರೂ ಸದ್ದು ಬಂದರೆ

ಚಕ್ರದ ಒಂದು ಸುತ್ತಿಗೆ ಒಂದು ಸಲ ‘ಸರ್... ಸರ್...’ ಅಂದರೆ ಡಿಸ್ಕ್ ಸೊಟ್ಟಗಿದೆ, ಅಥವಾ ಡ್ರಮ್ ದುಂಡಗೆ ಉಳಿದಿಲ್ಲ. ಒಂದೇ ಸಮ ಉಜ್ಜುವ ಸದ್ದಿದ್ದರೆ ಬ್ರೇಕ್ ಬಿಡಿಸಿಕೊಂಡಿಲ್ಲ. ಕ್ಯಾಲಿಪರ್ ಪಿನ್ ತುಕ್ಕು ಹಿಡಿದಿರಬಹುದು, ಬ್ರೇಕ್ ಕೇಬಲ್ ಅತಿಯಾಗಿ ಟೈಟ್ ಆಗಿರಬಹುದು, ಕಾರಿನ ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿಲ್ಲದಿರಬಹುದು. ವಾರಗಟ್ಟಲೆ ನಿಲ್ಲಿಸಿದ ಕಾರಿನಲ್ಲಿ ಇದು ಸಾಮಾನ್ಯ.

ಪತ್ತೆ ಮಾಡಲು ಸುಲಭ ದಾರಿ ಇದೆ. ನಾಲ್ಕೈದು ಕಿ.ಮೀ. ಓಡಿಸಿ ಬಂದು ಪ್ರತಿ ಚಕ್ರದ ಹತ್ತಿರ ಕೈ ಒಡ್ಡಿ. ಮುಟ್ಟಬೇಡಿ, ಸುಡುತ್ತದೆ. ಜೊತೆಯ ಚಕ್ರಕ್ಕಿಂತ ಒಂದರಲ್ಲಿ ಮಾತ್ರ ಕಾವು ಜಾಸ್ತಿ ಇದ್ದರೆ ಬ್ರೇಕ್ ಕಚ್ಚಿಕೊಂಡಿರುವುದು ಅಲ್ಲೇ. ಬಿಸಿ ಡಿಸ್ಕಿಗೆ ನೀರು ಸುರಿಯಬಾರದು, ಸೊಟ್ಟಗಾಗಬಹುದು. ಕಚ್ಚಿಕೊಂಡ ಬ್ರೇಕ್ ಪೆಟ್ರೋಲನ್ನೂ ತಿನ್ನುತ್ತದೆ. ಮೈಲೇಜ್ ಇದ್ದಕ್ಕಿದ್ದಂತೆ ಬಿದ್ದಿದ್ದರೆ ಇದನ್ನೂ ನೋಡಿಸಿ.

‘ಗುಂಯ್’ ಅಂದರೆ ಬೇರಿಂಗ್

ವೇಗ ಹೆಚ್ಚಿದಂತೆ ಏರುವ, ಬ್ರೇಕ್ ಹಿಡಿದರೂ ಬಿಟ್ಟರೂ ಬದಲಾಗದ ಗುಂಯ್‌ಗುಡುವ ಸದ್ದು ಚಕ್ರದ ಬೇರಿಂಗಿನದು. ರಿಂಗ್ ರಸ್ತೆಯಲ್ಲಿ ಜೋರು ಹೋದಾಗಲೇ ಚೆನ್ನಾಗಿ ಕೇಳಿಸುತ್ತದೆ. ಕಾರಾದರೆ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಸ್ಟೀರಿಂಗನ್ನು ಎಡಕ್ಕೆ, ಬಲಕ್ಕೆ ಸ್ವಲ್ಪ ತಿರುಗಿಸಿ ನೋಡಿ. ಎಡಕ್ಕೆ ತಿರುಗಿದಾಗ ಭಾರ ಬಲಗಡೆ ಚಕ್ರದ ಮೇಲೆ ಬೀಳುತ್ತದೆ. ಆಗ ಸದ್ದು ಹೆಚ್ಚಾದರೆ ಬಲಗಡೆ ಬೇರಿಂಗ್, ಬಲಕ್ಕೆ ತಿರುಗಿದಾಗ ಹೆಚ್ಚಾದರೆ ಎಡಗಡೆಯದು.

ದ್ವಿಚಕ್ರದಲ್ಲಿ ಚಕ್ರವನ್ನು ಮೇಲಕ್ಕೆತ್ತಿ ಎರಡು ಪಕ್ಕಕ್ಕೆ ಅಲ್ಲಾಡಿಸಿ. ಲೊಟಲೊಟ ಅಂದರೆ ಬೇರಿಂಗ್ ಲೂಸ್. ತಿರುಗಿಸಿದಾಗ ಮರಳು ಅರೆದಂತೆ ಅನ್ನಿಸಿದರೂ ಅಷ್ಟೇ. ಬೇರಿಂಗ್ ತೀರಾ ಹಾಳಾದರೆ ಚಕ್ರ ಜಾಮ್ ಆಗಬಹುದು, ಹಾಗಾಗಿ ಮುಂದೂಡುವ ಕೆಲಸ ಇದಲ್ಲ. ವಾಟರ್ ಸರ್ವಿಸ್‌ನಲ್ಲಿ ಪ್ರೆಶರ್ ನೀರನ್ನು ನೇರ ಚಕ್ರದ ನಡುವಿಗೆ ಹೊಡೆಸಬೇಡಿ. ಸೀಲ್ ದಾಟಿ ನೀರು ಹೋದರೆ ಒಳಗಿನ ಗ್ರೀಸ್ ಕೆಡುತ್ತದೆ.

ಟಾರು ರಸ್ತೆಯಿಂದ ಕಾಂಕ್ರೀಟ್ ರಸ್ತೆಗೆ ಬಂದ ಕೂಡಲೇ ಗುಂಯ್ ಬದಲಾದರೆ ಅದು ಬೇರಿಂಗ್ ಅಲ್ಲ, ಟೈರ್ ಒಂದೇ ಸಮ ಸವೆದಿಲ್ಲ.

ಬ್ರೇಕೂ ಅಲ್ಲ, ಬೇರಿಂಗೂ ಅಲ್ಲ

ಕೆಲವು ಸದ್ದು ಚಕ್ರದ ಹತ್ತಿರ ಕೇಳಿಸಿದರೂ ಮೂಲ ಬೇರೆ ಕಡೆ ಇರುತ್ತದೆ.

ಉಬ್ಬು ಹತ್ತಿಳಿಯುವಾಗ ಮಾತ್ರ ಹಳೇ ಮಂಚದಂತೆ ಕಿರುಗುಟ್ಟಿದರೆ ಸಸ್ಪೆನ್ಷನ್ನಿನ ರಬ್ಬರ್ ಬುಷ್ ಒಣಗಿದೆ. ನಿಂತ ಗಾಡಿಯನ್ನು ಮೇಲಿಂದ ಅದುಮಿ ಬಿಟ್ಟರೂ ಇದೇ ಸದ್ದು ಬರುತ್ತದೆ.

ಸ್ಟೀರಿಂಗ್ ಪೂರ್ತಿ ತಿರುಗಿಸಿ ಯೂ-ಟರ್ನ್ ಹೊಡೆಯುವಾಗ ಟಕ್ ಟಕ್ ಟಕ್ ಅಂದರೆ ಕಾರಿನ ಆಕ್ಸಲ್ ಜಾಯಿಂಟ್. ಅದರ ರಬ್ಬರ್ ಬೂಟ್ ಹರಿದು ಗ್ರೀಸ್ ಹೊರಗೆ ಹೋಗಿದೆಯಾ ನೋಡಿಸಿ. ಬೂಟ್ ಹರಿದ ಹೊತ್ತಲ್ಲೇ ಬದಲಿಸಿದರೆ ಜಾಯಿಂಟ್ ಉಳಿಯುತ್ತದೆ.

ಬೈಕಿನ ಹಿಂದಿನಿಂದ ಒಂದೇ ಸಮ ಕಿಚಿಕಿಚಿ ಅಂದರೆ ಚೈನ್ ಒಣಗಿದೆ. ಇಲ್ಲಿ ಎಣ್ಣೆ ಬೇಕು. ಸುಮಾರು 500 ಕಿ.ಮೀ.ಗೊಮ್ಮೆ, ಮಳೆಗಾಲದಲ್ಲಿ ಇನ್ನೂ ಬೇಗ, ಚೈನ್ ಒರೆಸಿ ಲೂಬ್ ಹಾಕಬೇಕು. ಸ್ಪ್ರೇ ಹೊಡೆಯುವಾಗ ಹಿಂದಿನ ಡಿಸ್ಕಿಗೆ, ಟೈರಿಗೆ ತಾಗದಂತೆ ಒಂದು ರಟ್ಟು ಅಡ್ಡ ಹಿಡಿಯಿರಿ.

ಎಲೆಕ್ಟ್ರಿಕ್ ಸ್ಕೂಟರ್‌ನವರಿಗೆ ಸದ್ದು ಜಾಸ್ತಿ ಅನ್ನಿಸಬಹುದು. ಎಂಜಿನ್ ಗಲಾಟೆ ಇಲ್ಲದ ಕಾರಣ ಸಣ್ಣ ಸದ್ದೂ ಕಿವಿಗೆ ಬೀಳುತ್ತದೆ. ಜೊತೆಗೆ ಆಕ್ಸಿಲರೇಟರ್ ಬಿಟ್ಟಾಗ ಮೋಟಾರೇ ವೇಗ ಇಳಿಸುವ ಗಾಡಿಗಳಲ್ಲಿ ಬ್ರೇಕ್ ಬಳಕೆ ಕಡಿಮೆ, ಪ್ಯಾಡ್ ಮೇಲೆ ದೂಳು ಕೂರುವುದು ಹೆಚ್ಚು.

ಅಂಗಡಿಯವರೇ, ಲೋಡ್ ಗಾಡಿ ಲೆಕ್ಕ ಬೇರೆ

ಟಿವಿಎಸ್ ಎಕ್ಸೆಲ್ ಮೇಲೆ ಎರಡು ಅಕ್ಕಿ ಮೂಟೆ, ಗೂಡ್ಸ್ ಆಟೊದಲ್ಲಿ ಸಿಲಿಂಡರ್, ನೀರಿನ ಕ್ಯಾನ್. ಭಾರ ಎರಡು ಪಟ್ಟಾದರೆ ಬ್ರೇಕ್ ಮಾಡಬೇಕಾದ ಕೆಲಸವೂ ಎರಡು ಪಟ್ಟು. ವೇಗ ಎರಡು ಪಟ್ಟಾದರೆ ಕೆಲಸ ನಾಲ್ಕು ಪಟ್ಟು. ಹಾಗಾಗಿ ಮನೆ ಸ್ಕೂಟರ್ ಪ್ಯಾಡ್ ಇಷ್ಟು ಕಿ.ಮೀ. ಬಂತು ಅನ್ನುವ ಲೆಕ್ಕ ಅಂಗಡಿ ಗಾಡಿಗೆ ಹೊಂದುವುದಿಲ್ಲ. ಲೋಡ್ ಇದ್ದಾಗ ಮಾತ್ರ ಬರುವ ಸದ್ದನ್ನು ಮೆಕ್ಯಾನಿಕ್‌ಗೆ ಹಾಗೇ ಹೇಳಬೇಕು. ಖಾಲಿ ಗಾಡಿ ಓಡಿಸಿ ನೋಡಿದರೆ ಅವರಿಗೆ ಏನೂ ಸಿಗುವುದಿಲ್ಲ.

ಹುಡುಗರ ಕೈಗೆ ಗಾಡಿ ಕೊಟ್ಟು ಡೆಲಿವರಿಗೆ ಕಳಿಸುವ ಮಾಲೀಕರು ಇನ್ನೊಂದು ವಿಷಯ ಗಮನಿಸಬೇಕು. ‘ಅಣ್ಣಾ, ಬ್ರೇಕ್ ಸೌಂಡ್ ಬರ್ತಿದೆ’ ಅಂತ ಹುಡುಗ ಹೇಳಿದರೆ ‘ಸಾಯಂಕಾಲ ನೋಡೋಣ’ ಅನ್ನುವ ಮೊದಲು ಒಂದು ಸಲ ಬಗ್ಗಿ ಪ್ಯಾಡ್ ನೋಡಿ. 1988ರ ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್ ಪ್ರಕಾರ, ಬೇರೆಯವರಿಗೆ ಅಪಾಯ ತರುವಂಥ ದೋಷ ಇರುವ ಗಾಡಿಯನ್ನು ಗೊತ್ತಿದ್ದೂ ಓಡಿಸುವುದು, ಓಡಿಸಲು ಬಿಡುವುದು ಅಪರಾಧ. ಸಾಮಾನ್ಯ ಎಚ್ಚರ ವಹಿಸಿದ್ದರೆ ಗೊತ್ತಾಗುತ್ತಿದ್ದ ದೋಷಕ್ಕೂ ಇದು ಅನ್ವಯಿಸುತ್ತದೆ. ವಾರದಿಂದ ಕರಕರ ಅನ್ನುತ್ತಿದ್ದ ಬ್ರೇಕ್ ಬಗ್ಗೆ ‘ಗೊತ್ತಿರಲಿಲ್ಲ’ ಅನ್ನುವ ಮಾತು ನಿಲ್ಲುವುದು ಕಷ್ಟ. ಸರಕು ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಲೋಡ್ ಗಾಡಿಯ ಪ್ಯಾಡು, ಶೂಗಳು ಎಫ್‌ಸಿ ದಿನಾಂಕಕ್ಕೆ ಕಾಯುವುದಿಲ್ಲ.

ಬೆಟ್ಟಕ್ಕೆ ಹೊರಡುವ ಮೊದಲು

ಕುವೆಂಪುನಗರದ ಒಳಗೆ ಸಣ್ಣ ಸದ್ದಾಗಿ ಕಂಡದ್ದು ಚಾಮುಂಡಿ ಬೆಟ್ಟ ಇಳಿಯುವಾಗ ದೊಡ್ಡ ಸಮಸ್ಯೆಯಾಗಬಹುದು. ಬೆಟ್ಟ ಸಮುದ್ರ ಮಟ್ಟದಿಂದ ಸುಮಾರು 1,060 ಮೀಟರ್ ಎತ್ತರ, ನಗರ ಸುಮಾರು 770 ಮೀಟರ್. ಗಾಡಿ, ಇಬ್ಬರು ಸವಾರರು ಸೇರಿ 250 ಕೆ.ಜಿ. ಅಂತ ಹಿಡಿದರೆ, ಅಲ್ಲಿಂದ ಕೆಳಗೆ ಬರುವಷ್ಟರಲ್ಲಿ ಸುಮಾರು ಎರಡು ಲೀಟರ್ ನೀರನ್ನು ಕುದಿ ಬರಿಸುವಷ್ಟು ಶಾಖ ಎಲ್ಲಿಗಾದರೂ ಹೋಗಬೇಕು. ಸ್ವಲ್ಪ ಗಾಳಿಗೆ, ಸ್ವಲ್ಪ ಎಂಜಿನ್ನಿಗೆ ಹೋಗುತ್ತದೆ. ನ್ಯೂಟ್ರಲ್ ಮಾಡಿ, ಎಂಜಿನ್ ಆಫ್ ಮಾಡಿ ‘ಪೆಟ್ರೋಲ್ ಉಳಿತಾಯ’ ಅಂತ ಇಳಿದರೆ ಬಹುಪಾಲು ಬ್ರೇಕಿಗೇ ಬೀಳುತ್ತದೆ. ಕಾರಿನಲ್ಲಂತೂ ಎಂಜಿನ್ ಆಫ್ ಆದರೆ ಬ್ರೇಕಿಗೆ ಸಿಗುವ ಸಹಾಯವೂ ಹೋಗಿ ಪೆಡಲ್ ಕಲ್ಲಿನಂತಾಗುತ್ತದೆ.

ಗೇರ್ ಇರುವ ಗಾಡಿಯನ್ನು ಕಡಿಮೆ ಗೇರ್‌ನಲ್ಲೇ ಇಳಿಸಿ. ಬ್ರೇಕನ್ನು ಒಂದೇ ಸಮ ಹಿಡಿದುಕೊಂಡಿರುವ ಬದಲು, ಹಿಡಿದು ವೇಗ ಇಳಿಸಿ ಬಿಡಿ. ಸುಟ್ಟ ವಾಸನೆ ಬಂದರೆ, ಪೆಡಲ್ ಮೆತ್ತಗಾದರೆ ಬದಿಗೆ ನಿಲ್ಲಿಸಿ ತಣ್ಣಗಾಗಲು ಬಿಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ತೇವ ಹೀರಿದ ಮೇಲೆ ಆ ಮಟ್ಟ 140 ಡಿಗ್ರಿಗೆ ಇಳಿಯಬಹುದು. ಆಯಿಲ್ ಕುದ್ದು ಗುಳ್ಳೆ ಎದ್ದರೆ ಪೆಡಲ್ ಒತ್ತಿದರೂ ಬ್ರೇಕ್ ಬೀಳುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಿ ಅನ್ನುವುದು ಇದಕ್ಕೇ. ಕಲ್ಲಟ್ಟಿ ಘಾಟಿಯ 36 ಹೇರ್‌ಪಿನ್ ತಿರುವಿನ ಕಡೆ ಊಟಿಗೆ ಹೊರಡುವವರು, ಕೀಂಚ್ ಅನ್ನುವ ಬ್ರೇಕನ್ನು ಮೈಸೂರಲ್ಲೇ ತೋರಿಸಿಕೊಂಡು ಹೊರಡಿ.

ಗ್ಯಾರೇಜಿನಲ್ಲಿ ಏನು ಹೇಳಬೇಕು?

‘ಸೌಂಡ್ ಬರ್ತಿದೆ’ ಅಂದರೆ ಮೆಕ್ಯಾನಿಕ್ ಎಲ್ಲವನ್ನೂ ಬಿಚ್ಚಬೇಕಾಗುತ್ತದೆ, ಬಿಚ್ಚಿದ್ದಕ್ಕೆಲ್ಲ ಕೂಲಿ. ಅದರ ಬದಲು ‘ಮುಂದಿನ ಎಡ ಚಕ್ರ, ಬ್ರೇಕ್ ಹಿಡಿದಾಗ ಮಾತ್ರ, ಗಾಡಿ ಬಿಸಿಯಾದ ಮೇಲೆ, ಒಂದು ವಾರದಿಂದ’ ಅಂತ ಹೇಳಿ. ಅವರಿಗೂ ಸಮಯ ಉಳಿಯುತ್ತದೆ. ಆಗದಿದ್ದರೆ ಹಿಂದೆ ಕೂತವರ ಮೊಬೈಲಿನಲ್ಲಿ ಸದ್ದು ರೆಕಾರ್ಡ್ ಮಾಡಿಸಿ ಕೇಳಿಸಿ.

ಪ್ಯಾಡ್ ಬದಲಿಸಬೇಕು ಅಂದರೆ ಹಳೇ ಪ್ಯಾಡನ್ನು ಕೈಗೆ ತೆಗೆದುಕೊಂಡು ದಪ್ಪ ನೋಡಿ. ಕಾರಿನಲ್ಲಿ ಎಡಗಡೆ ಬದಲಿಸಿದರೆ ಬಲಗಡೆಯದನ್ನೂ ಬದಲಿಸಬೇಕು, ಇಲ್ಲಾಂದ್ರೆ ಬ್ರೇಕ್ ಹಿಡಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಪ್ಯಾಕೆಟ್ ನಿಮ್ಮೆದುರೇ ಒಡೆಯಲಿ, ಎಂಆರ್‌ಪಿ ನೋಡಿ, ಬಿಲ್ ಕೇಳಿ. ಕೆಲಸ ಮುಗಿದ ಮೇಲೆ ಗ್ಯಾರೇಜ್ ಮುಂದೆಯೇ ನಿಂತಲ್ಲಿ ನಾಲ್ಕೈದು ಸಲ ಬ್ರೇಕ್ ಒತ್ತಿ ಬಿಗಿ ಬಂದ ಮೇಲಷ್ಟೇ ರಸ್ತೆಗೆ ಇಳಿಯಿರಿ. ಹೊಸ ಪ್ಯಾಡ್ ಹಾಕಿದ ಮೊದಲ ಒತ್ತಿಗೆ ಬ್ರೇಕ್ ಬೀಳದೇ ಇರುವುದುಂಟು.

ಒಂದೇ ನೋಟಕ್ಕೆ

• ಬೆಳಗ್ಗೆ ಎರಡು ಮೂರು ಬ್ರೇಕಿಗೆ ಮಾತ್ರ ಕಿರ್ರ್: ತೇವ, ತುಕ್ಕು. ಏನೂ ಮಾಡಬೇಕಿಲ್ಲ.
• ಬ್ರೇಕ್ ಹಿಡಿದಾಗಲೆಲ್ಲ ಕೀಂಚ್: ದೂಳು, ಮೆರುಗು ಅಥವಾ ಸವೆತ. ಈ ವಾರವೇ ನೋಡಿಸಿ.
• ಕರಕರ, ಗರಗರ: ಲೈನಿಂಗ್ ಮುಗಿದಿದೆ. ಗಾಡಿ ಓಡಿಸಬೇಡಿ, ಮೆಕ್ಯಾನಿಕ್‌ನ ಕರೆಸಿ.
• ಬ್ರೇಕ್ ಬಿಟ್ಟರೂ ಉಜ್ಜುವ ಸದ್ದು, ಒಂದು ಚಕ್ರ ಮಾತ್ರ ಬಿಸಿ: ಬ್ರೇಕ್ ಕಚ್ಚಿಕೊಂಡಿದೆ. ಇವತ್ತೇ ನೋಡಿಸಿ.
• ವೇಗದ ಜೊತೆ ಏರುವ ಗುಂಯ್: ಬೇರಿಂಗ್. ಮುಂದೂಡಬೇಡಿ.
• ತಿರುವಿನಲ್ಲಿ ಟಕ್ ಟಕ್: ಆಕ್ಸಲ್ ಜಾಯಿಂಟ್.
• ಉಬ್ಬಿನಲ್ಲಿ ಮಾತ್ರ ಕಿರುಗುಟ್ಟುವುದು: ಬುಷ್. ಮುಂದಿನ ಸರ್ವಿಸ್‌ಗೆ ಹೇಳಿ.
• ಸದ್ದು ಇರಲಿ ಬಿಡಲಿ, ಲಿವರ್ ಪೂರ್ತಿ ಒಳಗೆ ಹೋದರೆ, ಪೆಡಲ್ ಮೆತ್ತಗಾದರೆ, ಬ್ರೇಕ್ ಆಯಿಲ್ ಮಟ್ಟ ಬೇಗ ಇಳಿದರೆ, ಗಾಡಿ ಒಂದು ಕಡೆ ಎಳೆದರೆ: ಗಾಡಿ ತೆಗೆಯಬೇಡಿ.

ತಿಂಗಳಿಗೊಂದು ಭಾನುವಾರ ಗಾಡಿ ಒರೆಸುವಾಗ ಐದು ನಿಮಿಷ ಚಕ್ರದ ಕಡೆಯೂ ಬಗ್ಗಿ ನೋಡಿ. ಟಾರ್ಚ್ ಹಾಕಿ ಪ್ಯಾಡ್, ಕೈಯಲ್ಲಿ ಅಲ್ಲಾಡಿಸಿ ಬೇರಿಂಗ್, ಬ್ರೇಕ್ ಆಯಿಲ್ ಡಬ್ಬಿಯ ಗೆರೆ, ಇಷ್ಟು ಸಾಕು. ಎಣ್ಣೆ ಬಾಟಲಿ ಮಾತ್ರ ಚೈನಿಗೆ ಇರಲಿ, ಬ್ರೇಕಿನ ಹತ್ತಿರ ಬೇಡ.